ಮಳೆಗಾಲದ ಫಾರ್ಮಲ್ ಶೂ: ಲೆದರ್ ಸೋಲಾ, ಹಾಫ್ ಸೋಲಾ, ರಬ್ಬರ್ ಸೋಲಾ?

ಮಂಗಳೂರು, ಉಡುಪಿ, ಮಣಿಪಾಲ ಕಡೆ ಕೆಲಸಕ್ಕಾಗಿ ದಿನಾ ಫಾರ್ಮಲ್ ಶೂ ಹಾಕಲೇಬೇಕಾದವರಿಗೆ ಇದು. ವಕೀಲರು, ಬ್ಯಾಂಕಿನವರು, ಮೆಡಿಕಲ್ ರೆಪ್‌ಗಳು, ಹೋಟೆಲಿನ ರಿಸೆಪ್ಶನ್‌ನಲ್ಲಿ ನಿಲ್ಲುವವರು, ಕ್ಯಾಂಪಸ್ ಇಂಟರ್‌ವ್ಯೂಗೆ ಹೊರಟ ಹುಡುಗರು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಊರಲ್ಲಿ ಬರೀ ಲೆದರ್ ಸೋಲಿನ ಶೂ ಹಾಕಿಕೊಂಡು ಹೊರಗೆ ತಿರುಗಬೇಡಿ. ಶೂ ಹಾಳಾಗುವ ಮಾತು ಆಮೇಲಿನದು, ಮೊದಲು ನೀವು ಬೀಳುತ್ತೀರಿ. ಇನ್ನೊಂದು ಮಾತು: ಯಾವ ಸೋಲನ್ನೇ ಆರಿಸಿ, ಮುಂಭಾಗಕ್ಕಿಂತ ಮೊದಲು ಹೀಲ್ ನೋಡಿ. ಅಂಗಡಿಯಲ್ಲಿ ಹೆಚ್ಚಿನವರು ಹೀಲನ್ನು ತಿರುಗಿಸಿ ನೋಡುವುದೇ ಇಲ್ಲ.

"ಒಳ್ಳೇ ಶೂ ಅಂದ್ರೆ ಲೆದರ್ ಸೋಲ್" ಅನ್ನುವ ಮಾತು ಈಗ ತುಂಬ ಕೇಳುತ್ತದೆ. ವಿಡಿಯೋಗಳಲ್ಲೆಲ್ಲ ಅದೇ. ಆ ಮಾತು ಸುಳ್ಳಲ್ಲ. ಒಣ ನೆಲದ ಮೇಲೆ ಲೆದರ್ ಸೋಲ್ ಹಗುರ, ದಿನ ಹೋದ ಹಾಗೆ ಕಾಲಿಗೆ ಹೊಂದಿಕೊಳ್ಳುತ್ತದೆ, ಅಂಚು ತೆಳುವಾಗಿ ಚಂದ ಕಾಣುತ್ತದೆ. ಹೊಲಿಗೆ ಹಾಕಿದ್ದಾದರೆ ಸವೆದ ಮೇಲೆ ಬಿಚ್ಚಿ ಹೊಸದು ಹಾಕಿಸಬಹುದು. ಆದರೆ ಅದನ್ನು ಹೊಗಳುವವರು ಇರುವ ಊರು ಬೇರೆ, ನಮ್ಮ ಊರು ಬೇರೆ. ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ, ವರ್ಷದ ಲೆಕ್ಕ 3,500 ಮಿ.ಮೀ. ದಾಟುತ್ತದೆ. ಅಲ್ಲಿಯವರ ಸಲಹೆಯನ್ನು ಹಾಗೇ ಇಲ್ಲಿಗೆ ತರಲು ಆಗುವುದಿಲ್ಲ.

ಜಾರುವುದು ಎಲ್ಲಿ, ಯಾಕೆ

ಲೆದರ್ ಸೋಲಿನ ತಳ ಚಪ್ಪಟೆ. ಅದರಲ್ಲಿ ಗೀಟಿಲ್ಲ, ಗುಂಡಿಯಿಲ್ಲ. ಒದ್ದೆ ಟೈಲ್ಸಿನ ಮೇಲೆ ಕಾಲಿಟ್ಟಾಗ ಸೋಲಿಗೂ ನೆಲಕ್ಕೂ ನಡುವೆ ನೀರಿನ ತೆಳು ಪದರ ಸಿಕ್ಕಿಕೊಳ್ಳುತ್ತದೆ. ಆ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಸವೆದ ಟಯರಿನ ಬೈಕ್ ಒದ್ದೆ ರಸ್ತೆಯಲ್ಲಿ ಜಾರುತ್ತದಲ್ಲ, ಅದೇ ಕಥೆ. ಹೊಸ ಶೂ ಆದರೆ ಇನ್ನೂ ಕಷ್ಟ, ಕಾರ್ಖಾನೆಯಲ್ಲಿ ತಳಕ್ಕೂ ಉಜ್ಜಿ ಹೊಳಪು ಕೊಟ್ಟಿರುತ್ತಾರೆ.

ಮಳೆ ಸುರಿಯುತ್ತಿರುವ ಡಾಂಬರು ರಸ್ತೆಯಲ್ಲಿ ಜನ ಅಷ್ಟಾಗಿ ಜಾರುವುದಿಲ್ಲ. ಡಾಂಬರು ಒರಟು, ಒದ್ದೆಯಾದರೂ ಹಿಡಿತ ಕೊಡುತ್ತದೆ. ಜಾರುವುದು ಒಳಗೆ ಬಂದ ಮೇಲೆ. ಹಂಪನಕಟ್ಟೆಯಲ್ಲಿ ಬಸ್ಸಿಳಿದು, ನೀರು ಹಾರಿಸುತ್ತ ಹೋಗುವ ವಾಹನಗಳನ್ನು ತಪ್ಪಿಸಿ, ಕೊಡೆ ಮಡಚಿ, ಸದ್ಯ ಒಳಗೆ ಬಂದೆವಲ್ಲ ಅಂತ ಬ್ಯಾಂಕಿನ ಬಾಗಿಲು ದಾಟಿ ಎರಡು ಹೆಜ್ಜೆ ಇಡುತ್ತೀರಿ. ಅಲ್ಲೇ. ನೆಲ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಎಲ್ಲರ ಕೊಡೆಯಿಂದ ನೀರು ತೊಟ್ಟಿಕ್ಕಿದೆ, ಬಾಗಿಲಲ್ಲಿ ಹಾಕಿದ ಮ್ಯಾಟ್ ಬೆಳಗ್ಗೆಯೇ ನೀರು ಕುಡಿದು ಮುದ್ದೆಯಾಗಿದೆ. ಆಸ್ಪತ್ರೆಗಳ ಲಾಬಿ, ಫ್ಲ್ಯಾಟಿನ ಲಿಫ್ಟ್ ಎದುರು, ಕಲ್ಯಾಣ ಮಂಟಪದ ಗ್ರಾನೈಟ್ ಮೆಟ್ಟಿಲು, ಎಲ್ಲ ಕಡೆ ಇದೇ. ಆದ್ದರಿಂದ ಶೂ ಆರಿಸುವಾಗ ರಸ್ತೆಗಿಂತ ಜಾಸ್ತಿ ಈ ಟೈಲ್ಸನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈಗ ಹೀಲಿನ ವಿಷಯ. ನಡೆಯುವಾಗ ಮೊದಲು ನೆಲಕ್ಕೆ ತಾಗುವುದು ಹೀಲಿನ ಹಿಂಬದಿಯ ಅಂಚು. ಅದು ಮುಂದಕ್ಕೆ ಜಾರಿದರೆ ದೇಹದ ಭಾರ ಆಗಲೇ ಆ ಕಾಲಿನ ಮೇಲೆ ಬರುತ್ತಿರುತ್ತದೆ, ಸಾವರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಬೆನ್ನ ಹಿಂದಕ್ಕೆ ಬೀಳುವುದು ಹೀಗೆ. ಸೋಲಿನ ಮುಂಭಾಗ ಜಾರಿದರೆ ಸಾಧಾರಣವಾಗಿ ಒಂದು ಹೆಜ್ಜೆ ಎಡವಟ್ಟಾಗಿ ಅಲ್ಲಿಗೆ ಮುಗಿಯುತ್ತದೆ. ಕೆಲವು ದುಬಾರಿ ಶೂಗಳಲ್ಲಿ ಹೀಲಿನ ತಳವೂ ಪೂರ್ತಿ ಚರ್ಮ. ಕೆಲವದರಲ್ಲಿ ಹಿಂಬದಿಯ ಮೂಲೆಯಲ್ಲಿ ಮಾತ್ರ ಒಂದು ತುಂಡು ರಬ್ಬರ್ ಕೂರಿಸಿರುತ್ತಾರೆ. ಇನ್ನು ಕೆಲವರು ಹೀಲ್ ಸವೆಯಬಾರದೆಂದು ಕಬ್ಬಿಣದ ಲಾಳ ಹೊಡೆಸುತ್ತಾರೆ. ಒದ್ದೆ ಟೈಲ್ಸ್ ಮೇಲೆ ಕಬ್ಬಿಣಕ್ಕಿಂತ ಅಪಾಯದ್ದು ಬೇರೆ ಇಲ್ಲ. ದಯವಿಟ್ಟು ಕೀಳಿಸಿಬಿಡಿ.

ಬರೀ ಲೆದರ್ ಸೋಲ್, ಸ್ಯಾಂಡ್‌ಪೇಪರ್ ಉಜ್ಜಿ

ಎಲ್ಲರೂ ಹೇಳುವ ಉಪಾಯ ಇದು: ಹೊಸ ಸೋಲನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಇಲ್ಲದಿದ್ದರೆ ಸಿಮೆಂಟ್ ನೆಲದ ಮೇಲೆ ನಾಲ್ಕು ಸುತ್ತು ನಡೆಯಿರಿ, ಹೊಳಪು ಹೋಗಿ ಹಿಡಿತ ಬರುತ್ತದೆ. ಒಣ ದಿನಕ್ಕೆ ಇದು ಸರಿ. ಮದುವೆಯ ದಿನವೇ ಹೊಸ ಶೂ ಹಾಕುವ ಹುಡುಗ ಇದನ್ನು ಮಾಡಲೇಬೇಕು. ಮಳೆಗೆ ಮಾತ್ರ ಸಾಲದು. ಚರ್ಮ ನೀರು ಕುಡಿಯುತ್ತದೆ, ಮೆತ್ತಗಾಗುತ್ತದೆ, ಮೆತ್ತಗಾದ ಸೋಲ್ ಒರಟು ರಸ್ತೆಯಲ್ಲಿ ಬೇಗ ಬೇಗ ಸವೆಯುತ್ತದೆ. ಸೋಲನ್ನು ನೇರವಾಗಿ ಒಳ ಅಟ್ಟೆಗೇ ಹೊಲಿದ ಶೂ ಆದರೆ, ಅದನ್ನು ಬ್ಲೇಕ್ ಹೊಲಿಗೆ ಅನ್ನುತ್ತಾರೆ, ದಾರದ ತೂತಿನಿಂದ ನೀರು ಒಳಗೂ ಬರುತ್ತದೆ, ಸಾಕ್ಸ್ ಒದ್ದೆ. ಸುತ್ತ ಪಟ್ಟಿ ಇಟ್ಟು ಹೊಲಿಯುವ ಗುಡ್‌ಇಯರ್ ವೆಲ್ಟ್ ಆದರೆ ನೀರು ಅಷ್ಟು ಸುಲಭಕ್ಕೆ ಒಳಗೆ ಬರುವುದಿಲ್ಲ, ಆದರೆ ಜಾರುವುದು ಎರಡೂ ಒಂದೇ.

ಹಾಗಾದರೆ ಲೆದರ್ ಸೋಲ್ ಬೇಡವೇ ಬೇಡವಾ? ನವೆಂಬರ್‌ನಿಂದ ಏಪ್ರಿಲ್‌ವರೆಗೆ ಧಾರಾಳ ಹಾಕಿ. ನಮ್ಮಲ್ಲಿ ಮದುವೆ, ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ), ಭೂತದ ನೇಮ, ಬ್ರಹ್ಮಕಲಶ ಎಲ್ಲ ಆ ತಿಂಗಳುಗಳಲ್ಲೇ ಜಾಸ್ತಿ ಅಲ್ವಾ. ಆಗ ಹಾಕಿಕೊಂಡು ಸಂತೋಷಪಡಿ.

ಇರುವ ಶೂಗೆ ಹಾಫ್ ಸೋಲ್ ಹಾಕಿಸುವುದು

ಈಗಾಗಲೇ ಒಳ್ಳೆಯ ಲೆದರ್ ಸೋಲಿನ ಶೂ ಇದೆ, ಮಳೆಗಾಲದಲ್ಲೂ ಹಾಕಬೇಕು ಅನ್ನುವವರಿಗೆ ನನ್ನ ಉತ್ತರ ಇದೇ. ಸೋಲಿನ ಮುಂಭಾಗಕ್ಕೆ ತೆಳು ರಬ್ಬರ್ ಹಾಳೆ ಅಂಟಿಸುತ್ತಾರೆ. ಫ್ರಾನ್ಸಿನ ಟೋಪಿ, ಇಟಲಿಯ ವೈಬ್ರಮ್ ಕಂಪನಿಗಳು ಇದಕ್ಕೆಂದೇ ಹಾಳೆ ಮಾಡುತ್ತವೆ. ಅವು ಸಿಗದಿದ್ದರೂ ಚಿಂತೆಯಿಲ್ಲ, ಸಣ್ಣ ಗೀಟಿರುವ ಮೆತ್ತನೆಯ ಒಳ್ಳೆಯ ರಬ್ಬರ್ ಹಾಳೆ ಸಾಕು. ಒಂದೆರಡು ಮಿಲಿಮೀಟರ್ ದಪ್ಪ. ಅಂಚನ್ನು ನೀಟಾಗಿ ಕತ್ತರಿಸಿದರೆ ಪಕ್ಕದಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಕೆಲಸ ಹೇಗೆ ನಡೆಯಬೇಕು ಅನ್ನುವುದನ್ನು ನಿಂತು ನೋಡಿ. ಮೊದಲು ಚರ್ಮದ ತಳವನ್ನು ಅರದಲ್ಲಿ ಚೆನ್ನಾಗಿ ಉಜ್ಜಿ ಒರಟು ಮಾಡಬೇಕು, ನೂಲು ಎದ್ದ ಹಾಗೆ ಕಾಣಬೇಕು. ರಬ್ಬರಿನ ಒಳಮೈಯನ್ನೂ ಉಜ್ಜಬೇಕು. ಎರಡೂ ಕಡೆ ಸಲ್ಯೂಶನ್ ಹಚ್ಚಿ, ಕೂಡಲೇ ಅಂಟಿಸದೆ ಬಿಡಬೇಕು. ಬೆರಳು ಇಟ್ಟರೆ ಕೈಗೆ ಬರದೆ ಬರೀ ಅಂಟುವ ಹದ ಬಂದಾಗ ಕೂರಿಸಿ, ನಡುವಿನಿಂದ ಅಂಚಿಗೆ ಸುತ್ತಿಗೆಯಲ್ಲಿ ತಟ್ಟುತ್ತ ಬರಬೇಕು. ಅವಸರ ಮಾಡಿದರೆ ವಾರದಲ್ಲಿ ತುದಿ ಬಾಯಿ ಬಿಡುತ್ತದೆ. ಗಟ್ಟಿಯಾಗಲಿ ಅಂತ ಮೊಳೆ ಹೊಡೆಯಲು ಹೊರಟರೆ ಬೇಡ ಅನ್ನಿ. ಮೊಳೆಯ ತೂತಿನಲ್ಲಿ ನೀರು ಇಳಿಯುತ್ತದೆ, ರಬ್ಬರ್ ಸವೆದ ಮೇಲೆ ಮೊಳೆಯ ತಲೆ ಹೊರಗೆ ಬಂದು ಅದೇ ಟೈಲ್ಸ್ ಮೇಲೆ ಜಾರುತ್ತದೆ.

ಅದೇ ದಿನ ಹೀಲಿನ ತಳವನ್ನೂ ಬದಲಿಸಿ. ಇದು ನನ್ನ ಒತ್ತಾಯ. ಮುಂದೆ ಹಾಫ್ ಸೋಲ್ ಹಾಕಿಸಿ ಹಿಂದೆ ಚರ್ಮದ ಹೀಲ್ ಹಾಗೇ ಬಿಟ್ಟರೆ ಅರ್ಧ ಕೆಲಸ ಮಾತ್ರ ಆಯಿತು, ಅದೂ ಕಡಿಮೆ ಮುಖ್ಯವಾದ ಅರ್ಧ. ಪೂರ್ತಿ ರಬ್ಬರ್ ಹೀಲ್ ಕೇಳಿ, ಹಿಂಬದಿಯ ಅಂಚಿನವರೆಗೂ ಗೀಟು ಇರುವಂಥದ್ದು.

ಸಮಯವೂ ಮುಖ್ಯ. ಒದ್ದೆ ಚರ್ಮಕ್ಕೆ ಸಲ್ಯೂಶನ್ ಹಿಡಿಯುವುದಿಲ್ಲ. ಜುಲೈಯಲ್ಲಿ ನೆನೆದ ಶೂ ಹಿಡಿದುಕೊಂಡು ಹೋದರೆ ಯಾರು ಅಂಟಿಸಿದರೂ ನಿಲ್ಲುವುದಿಲ್ಲ, ಅದು ರಿಪೇರಿಯವರ ತಪ್ಪಲ್ಲ. ತುಳುನಾಡಿನಲ್ಲಿ ಯಕ್ಷಗಾನ, ನೇಮಗಳ ಕಾಲ ಮುಗಿಯುವ ಪತ್ತನಾಜೆಗೆ ಮೊದಲು, ಅಂದರೆ ಮೇ ತಿಂಗಳ ಮೂರನೇ ವಾರದೊಳಗೆ ಈ ಕೆಲಸ ಮುಗಿಸಿ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಶೂ ತಯಾರಿರಬೇಕು. ಹೊಸ ಶೂ ಆದರೆ ಸ್ವಲ್ಪ ದಿನ ಒಣ ನೆಲದಲ್ಲಿ ಹಾಕಿ, ಸೋಲ್ ಕಾಲಿಗೆ ಬಾಗಿದ ಮೇಲೆ ಅಂಟಿಸಿದರೆ ಒಳ್ಳೆಯದು.

"ರಬ್ಬರ್ ಅಂಟಿಸಿದರೆ ಚರ್ಮ ಉಸಿರಾಡುವುದಿಲ್ಲ" ಅನ್ನುವವರಿದ್ದಾರೆ. ಬೆವರಿನ ತೇವ ಹೋಗುವುದು ಹೆಚ್ಚಾಗಿ ಶೂವಿನ ಮೇಲ್ಭಾಗದಿಂದ. ಅರ್ಧ ತಳ ಮುಚ್ಚಿದ್ದರಿಂದ ಕಾಲಿಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಆ ಭಯಕ್ಕೆ ಬರೀ ಸೋಲಿನಲ್ಲಿ ಮಳೆಗೆ ಇಳಿಯಬೇಡಿ.

ಗುಂಡಿ ಗುಂಡಿಯ ರಬ್ಬರ್ ಸೋಲ್

ಹೊಸದಾಗಿ ಕೊಳ್ಳುವವರಿಗೆ, ಸ್ವಲ್ಪ ಖರ್ಚು ಮಾಡಲು ತಯಾರಿದ್ದರೆ, ಇದು. ತಳದಲ್ಲಿ ಅಂಗಿಯ ಗುಂಡಿಯ ಹಾಗೆ ಉಬ್ಬಿದ ಚಿಕ್ಕ ಚಿಕ್ಕ ದುಂಡು ಗುಂಡಿ ಇರುವ ರಬ್ಬರ್ ಸೋಲ್. ಇದರಲ್ಲಿ ಹೆಸರಾದದ್ದು ಇಂಗ್ಲೆಂಡಿನ ಮಾರ್ಕೆಟ್ ಹಾರ್ಬರೋ ಊರಿನ ಹಾರ್ಬರೋ ರಬ್ಬರ್ ಕಂಪನಿಯ ಡೈನೈಟ್. ಅದೇ ಮಾದರಿಯ ಸೋಲುಗಳು ಆಂಬೂರು, ಆಗ್ರಾ ಕಡೆ ತಯಾರಾಗುವ ವೆಲ್ಟ್ ಹೊಲಿಗೆಯ ಶೂಗಳಲ್ಲೂ ಸಿಗುತ್ತವೆ. ಗುಂಡಿಗಳು ಅಂಚಿನ ಒಳಗೇ ಇರುವುದರಿಂದ ಪಕ್ಕದಿಂದ ನೋಡಿದರೆ ಲೆದರ್ ಸೋಲಿನಷ್ಟೇ ತೆಳು. ಕೋರ್ಟಿಗೂ ಸರಿ, ರಿಸೆಪ್ಶನ್‌ಗೂ ಸರಿ. ನಮ್ಮ ಕೆಂಪು ಮಣ್ಣು ಗುಂಡಿಗಳ ನಡುವೆ ಜಾಸ್ತಿ ಕಚ್ಚಿಕೊಳ್ಳುವುದಿಲ್ಲ, ನಳ್ಳಿಯ ಕೆಳಗೆ ಹಿಡಿದರೆ ಹೋಗುತ್ತದೆ. ನೀರು ಕುಡಿಯುವುದಿಲ್ಲ, ಮೆತ್ತಗಾಗುವುದಿಲ್ಲ, ಬೇಗ ಸವೆಯುವುದೂ ಇಲ್ಲ.

ಒಂದು ಕೊರತೆ ಇದೆ. ಬಾಳಿಕೆ ಬರಲಿ ಅಂತ ಈ ರಬ್ಬರನ್ನು ಸ್ವಲ್ಪ ಗಟ್ಟಿಯಾಗೇ ಮಾಡಿರುತ್ತಾರೆ. ರಸ್ತೆ, ಸಿಮೆಂಟು, ಇಂಟರ್‌ಲಾಕ್ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಹೊಳೆಯುವ ಟೈಲ್ಸ್ ಒದ್ದೆಯಾದಾಗ ಲೆದರಿಗಿಂತ ಎಷ್ಟೋ ವಾಸಿ, ಆದರೆ ನಿಶ್ಚಿಂತೆಯಿಂದ ಓಡಾಡುವಷ್ಟು ಅಲ್ಲ. ನುಣುಪು ನೆಲಕ್ಕೆ ಬೇಕಾದದ್ದು ಮೆತ್ತನೆಯ ರಬ್ಬರ್, ಹತ್ತಿರ ಹತ್ತಿರ ಇರುವ ಸಣ್ಣ ಗೀಟು. ದಿನವಿಡೀ ಆಸ್ಪತ್ರೆ ಕಾರಿಡಾರಿನಲ್ಲೋ ಹೋಟೆಲ್ ಲಾಬಿಯಲ್ಲೋ ನಡೆಯುವವರು ಹೆಸರಿಗಿಂತ ಮೆತ್ತನೆಯ ತಳವನ್ನು ನೋಡಿ ಆರಿಸಬೇಕು.

ದೊಡ್ಡ ಹಲ್ಲಿನ ಕಮಾಂಡೋ ಸೋಲ್ ಅಂತ ಇನ್ನೊಂದಿದೆ. ಈ ಜಾತಿಯ ಸೋಲ್ ಹುಟ್ಟಿದ್ದು ಬೆಟ್ಟ ಹತ್ತುವವರಿಗಾಗಿ. 1935ರಲ್ಲಿ ಆಲ್ಪ್ಸ್‌ನಲ್ಲಿ ಜೊತೆಗಾರರನ್ನು ಕಳೆದುಕೊಂಡ ಇಟಲಿಯ ವಿಟಾಲೆ ಬ್ರಮಾನಿ 1937ರ ಹೊತ್ತಿಗೆ ಹಲ್ಲಿನ ರಬ್ಬರ್ ಸೋಲ್ ಮಾಡಿದರು, ವೈಬ್ರಮ್ ಶುರುವಾದದ್ದು ಅಲ್ಲಿಂದ. ಸೈಟ್ ಎಂಜಿನಿಯರ್‌ಗಳಿಗೆ, ತೋಟ ದಾಟಿ ಬಸ್‌ಸ್ಟ್ಯಾಂಡಿಗೆ ಬರುವವರಿಗೆ ಒಳ್ಳೆಯದು. ಕೋಟು ಪ್ಯಾಂಟಿಗೆ ಹೊಂದುವುದಿಲ್ಲ. ಹಲ್ಲಿನ ಸಂದಿಯಲ್ಲಿ ಅರ್ಧ ಅಂಗಳದ ಕೆಸರು ಆಫೀಸಿಗೆ ಬರುತ್ತದೆ. ಟೈಲ್ಸ್ ಮೇಲೆ ವಿಶೇಷ ಲಾಭವೂ ಇಲ್ಲ, ನೆಲಕ್ಕೆ ತಾಗುವ ರಬ್ಬರ್ ಕಡಿಮೆ.

ಮಾಮೂಲಿ ಅಂಗಡಿಯ ಶೂಗಳಲ್ಲಿ ಆರಿಸುವುದು

ಹೆಚ್ಚಿನವರು ಕೊಳ್ಳುವುದು ಇದನ್ನೇ, ಆದ್ದರಿಂದ ಇಲ್ಲಿ ನಿಧಾನಿಸಿ. ಸಾಧಾರಣ ಬೆಲೆಯ ಫಾರ್ಮಲ್ ಶೂಗಳ ತಳ ಟಿಪಿಆರ್, ಪಿಯು (ಪಾಲಿಯುರೆಥೇನ್), ಪಿವಿಸಿ, ಈ ಮೂರು ಬಗೆಯ ಪ್ಲಾಸ್ಟಿಕ್‌ಗಳಲ್ಲಿ ಒಂದಾಗಿರುತ್ತದೆ. ಡಬ್ಬಿಯ ಮೇಲೋ ಸೋಲಿನ ತಳದಲ್ಲೋ ಬರೆದಿರುತ್ತದೆ, ಇಲ್ಲದಿದ್ದರೆ ಕೇಳಿ.

ಪಿವಿಸಿ ಬೇಡ. ಗಟ್ಟಿ, ಒದ್ದೆಯಲ್ಲಿ ಜಾರುತ್ತದೆ. ಅದರಲ್ಲೂ ಕಂದು ಬಣ್ಣ ಬಳಿದು, ಅಂಚಿನಲ್ಲಿ ಸುಳ್ಳು ಹೊಲಿಗೆ ತೋರಿಸಿ ಲೆದರ್ ಸೋಲಿನ ಹಾಗೆ ಕಾಣಿಸುವ ಚಪ್ಪಟೆ ತಳ ಇರುತ್ತದಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಲೆದರಿನ ಗುಣ ಒಂದೂ ಇಲ್ಲ, ಜಾರುವುದು ಮಾತ್ರ ಅಷ್ಟೇ.

ಪಿಯು ಹಗುರ, ಮೆತ್ತಗೆ, ದಿನವಿಡೀ ನಿಲ್ಲುವವರ ಕಾಲಿಗೆ ಹಿತ. ಆದರೆ ನಮ್ಮ ಗಾಳಿಯ ತೇವಕ್ಕೆ ಇದು ಒಳಗಿಂದಲೇ ಕೊಳೆಯುತ್ತದೆ. ಎರಡು ಮೂರು ವರ್ಷ ಡಬ್ಬಿಯಲ್ಲಿ ಎತ್ತಿಟ್ಟ ಶೂ ಮದುವೆಗೆ ಅಂತ ಹೊರಗೆ ತೆಗೆದರೆ, ನಡೆಯುತ್ತಿದ್ದ ಹಾಗೆ ತಳ ಪುಡಿ ಪುಡಿಯಾಗಿ ಉದುರುವುದನ್ನು ಕರಾವಳಿಯವರು ತುಂಬ ಜನ ನೋಡಿದ್ದಾರೆ. ಬಳಸದೆ ಇಟ್ಟದ್ದಕ್ಕೆ ಹಾಗಾಯಿತು ಅನ್ನುತ್ತಾರೆ. ನಿಜವಾದ ಕಾರಣ ತೇವ, ಅದು ಆ ವಸ್ತುವನ್ನೇ ಮುರಿಯುತ್ತದೆ. ಪಿಯು ಕೊಂಡರೆ ದಿನಾ ಹಾಕಿ ಮುಗಿಸಿ, ಕೂಡಿಡಬೇಡಿ.

ಟಿಪಿಆರ್ ಅಂದರೆ ಕರಗಿಸಿ ಅಚ್ಚು ಹೊಯ್ಯುವ ಮೆತ್ತನೆಯ ರಬ್ಬರ್. ಈ ಮೂರರಲ್ಲಿ ನನ್ನ ಆಯ್ಕೆ ಅದೇ. ಆದರೂ ಎಲ್ಲ ಟಿಪಿಆರ್ ಒಂದೇ ಅಲ್ಲ. ಉಗುರು ಒತ್ತಿ ನೋಡಿ, ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರಬೇಕು. ಉಗುರೇ ಜಾರಿದರೆ ಆ ತಳ ಟೈಲ್ಸ್ ಮೇಲೂ ಜಾರುತ್ತದೆ. ಗೀಟುಗಳು ಅಂಚಿನವರೆಗೆ ಹೋಗಿ ಹೊರಗೆ ತೆರೆದುಕೊಂಡಿವೆಯಾ ನೋಡಿ, ನಡುವೆಯೇ ನಿಂತುಬಿಟ್ಟರೆ ನೀರು ಹೊರಗೆ ಹೋಗುವುದು ಎಲ್ಲಿಂದ? ಹೀಲಿನಲ್ಲೂ ಗೀಟು ಇರಬೇಕು. ಎಷ್ಟೋ ಶೂಗಳಲ್ಲಿ ಮುಂದೆ ಚಂದದ ಗೀಟು ಹಾಕಿ ಹೀಲಿನಲ್ಲಿ ದೊಡ್ಡದಾಗಿ ಕಂಪನಿಯ ಹೆಸರು ಅಚ್ಚು ಹಾಕಿ ಬಿಟ್ಟಿರುತ್ತಾರೆ. ಅಂಥದ್ದನ್ನು ವಾಪಸ್ ಇಡಿ.

ಸಾಧ್ಯವಾದರೆ ಅಂಗಡಿಯವರ ಹತ್ತಿರ ಕೇಳಿ, ಟೈಲ್ಸಿನ ಮೇಲೆ ಎರಡು ಹನಿ ನೀರು ಹಾಕಿ, ಶೂವನ್ನು ಕೈಯಲ್ಲಿ ಹಿಡಿದು ಹೀಲಿನ ಅಂಚನ್ನು ಒತ್ತಿ ಮುಂದಕ್ಕೆ ತಳ್ಳಿ. ಎರಡು ಜೋಡಿ ಇಟ್ಟು ಹೋಲಿಸಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಕವರ್, ಆಫೀಸಿನಲ್ಲಿ ಬದಲಿಸುವುದು

ಶೂ ಮೇಲೆ ಎಳೆದುಕೊಳ್ಳುವ ಸಿಲಿಕಾನ್ ಕವರ್ ಆನ್‌ಲೈನಿನಲ್ಲಿ ಸಿಗುತ್ತದೆ. ಶೂ ಒದ್ದೆಯಾಗದಂತೆ ತಡೆಯುತ್ತದೆ, ನಿಜ. ಆದರೆ ತಳ ತೆಳು, ತುದಿಯಲ್ಲಿ ಬೇಗ ಹರಿಯುತ್ತದೆ, ಸವೆದ ಮೇಲೆ ಟೈಲ್ಸ್ ಮೇಲೆ ಜಾರುತ್ತದೆ. ಕಾರಿನಿಂದ ಇಳಿದು ಮಂಟಪದ ಬಾಗಿಲವರೆಗೆ ಹೋಗಲು ಸಾಕು. ಒಳಗೆ ಹೋಗುವಾಗ ತೆಗೆಯಿರಿ.

ನಮ್ಮಲ್ಲಿ ತುಂಬ ಜನ ಮಾಡುವುದೇ ಬೇರೆ. ಮನೆಯಿಂದ ರಬ್ಬರ್ ಸ್ಯಾಂಡಲ್ ಹಾಕಿ ಹೊರಟು, ಆಫೀಸಿನಲ್ಲಿ ಕಾಲು ಒರೆಸಿ ಶೂ ಹಾಕುವುದು. ಶೂ ಆಫೀಸಿನಲ್ಲೇ ಇರುತ್ತದೆ. ಕುಳಿತು ಮಾಡುವ ಕೆಲಸದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ, ಲೆದರ್ ಸೋಲಿನ ಶೂವನ್ನೂ ಮಳೆಗಾಲದಲ್ಲಿ ಹಾಕಬಹುದು. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆಗಲಿ. ತಳ ಸವೆದ ಹವಾಯಿ ಬೇಡ, ಅದೂ ಜಾರುತ್ತದೆ, ಪ್ಯಾಂಟಿನ ಹಿಂದೆಲ್ಲ ಕೆಸರು ಹಾರಿಸುತ್ತದೆ. ಡಾಕ್ಟರಿಂದ ಡಾಕ್ಟರಿಗೆ ತಿರುಗುವ ರೆಪ್‌ಗಳಿಗೆ ಮಾತ್ರ ಇದು ಆಗುವುದಿಲ್ಲ. ಅವರು ಗುಂಡಿ ಸೋಲಿನ ಶೂ ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕುವುದು ಸರಿ.

ಸ್ಕೂಟರಿನವರಿಗೆ, ಪಾಚಿ ಇರುವ ಅಂಗಳದವರಿಗೆ

ಲೈಟ್‌ಹೌಸ್ ಹಿಲ್ ರಸ್ತೆಯಂಥ ಏರಿನಲ್ಲಿ ವಾಹನಗಳ ಸಾಲು ನಿಂತಾಗ ಸ್ಕೂಟರಿನವರು ಒಂದು ಕಾಲು ನೆಲಕ್ಕೆ ಊರುತ್ತೀರಿ. ಗಾಡಿಯ ಭಾರ, ಹಿಂದೆ ಕುಳಿತವರ ಭಾರ ಎಲ್ಲ ಆ ಒಂದು ಸೋಲಿನ ಮೇಲೆ. ರಸ್ತೆಯಲ್ಲಿ ಎಣ್ಣೆ ಬಿದ್ದಿರುತ್ತದೆ, ಝೀಬ್ರಾ ಪಟ್ಟಿಯ ಬಣ್ಣ ನುಣುಪಾಗಿರುತ್ತದೆ. ಇಲ್ಲಿ ಲೆದರ್ ಸೋಲ್ ಜಾರಿದರೆ ಗಾಡಿ ಸಮೇತ ಬೀಳುತ್ತೀರಿ. ದ್ವಿಚಕ್ರದವರು ಮಳೆಯಲ್ಲಿ ಹಾಫ್ ಸೋಲ್ ಇಲ್ಲದ ಲೆದರ್ ಶೂ ಹಾಕಲೇಬಾರದು, ಇದರಲ್ಲಿ ನಾನು ಎರಡು ಮಾತು ಹೇಳುವುದಿಲ್ಲ.

ಪಾಚಿಯ ಮೇಲೆ ಯಾವ ಸೋಲೂ ನಿಲ್ಲುವುದಿಲ್ಲ. ಮುರಕಲ್ಲಿನ ಮೆಟ್ಟಿಲು, ನೆರಳಿನ ಇಂಟರ್‌ಲಾಕ್, ಬಾವಿಕಟ್ಟೆಯ ಸುತ್ತ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಸಿರು ಕಟ್ಟುತ್ತದೆ. ಅದಕ್ಕೆ ಉತ್ತರ ಶೂ ಅಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಇಲ್ಲದಿದ್ದರೆ ಹಳ್ಳಿಮನೆಗಳಲ್ಲಿ ಮಾಡುವ ಹಾಗೆ ನಡೆಯುವ ದಾರಿಗೆ ಅಡಿಕೆ ಸೋಗೆಯನ್ನೋ ತೆಂಗಿನ ಮಡಲನ್ನೋ ಹಾಸಿ.

ನೆನೆದ ಮೇಲೆ

ಒದ್ದೆಯಾದ ಲೆದರ್ ಸೋಲಿನ ಶೂವನ್ನು ಒಲೆಯ ಹತ್ತಿರ, ಬಿಸಿಲಿನಲ್ಲಿ, ಹೇರ್ ಡ್ರೈಯರ್ ಹಿಡಿದು ಒಣಗಿಸಬೇಡಿ. ಚರ್ಮ ಬಿರುಕು ಬಿಡುತ್ತದೆ. ಒಳಗೆ ಹಳೆ ಪೇಪರ್ ತುರುಕಿ, ತಳಕ್ಕೂ ಗಾಳಿ ಸಿಗುವಂತೆ ಶೂವನ್ನು ಪಕ್ಕಕ್ಕೆ ಮಲಗಿಸಿ, ಫ್ಯಾನಿನ ಕೆಳಗೆ ಇಡಿ. ಪೇಪರ್ ಒದ್ದೆಯಾದ ಹಾಗೆ ಬದಲಿಸಿ. ನಮ್ಮ ಹವೆಯಲ್ಲಿ ಒಂದು ರಾತ್ರಿಗೆ ಒಣಗುವುದಿಲ್ಲ, ಎರಡು ದಿನ ಬಿಡಿ. ಪ್ಲಾಸ್ಟಿಕ್ ಚೀಲದಲ್ಲಿ, ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ವಾರದೊಳಗೆ ಬಿಳಿ ಬೂಸ್ಟು. ಬಂದರೆ ಹೊರಗೆ ತೆಗೆದುಕೊಂಡು ಹೋಗಿ ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ವಿನೆಗರ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಪೂರ್ತಿ ಒಣಗಿದ ಮೇಲೆ ಪಾಲಿಶ್ ಹಚ್ಚಿ. ಪಾಲಿಶ್ ಹಚ್ಚುವಾಗ ತಳಕ್ಕೆ, ಹೀಲಿನ ಅಡಿಗೆ ತಾಗಿಸಬೇಡಿ. ಮೇಣ ಅಂಟಿದ ರಬ್ಬರೂ ಜಾರುತ್ತದೆ.